ಹಾಸಿಗೆ ಹಿಡಿಯದ ಮನೆತನ

ಒಂದೊಂದು ಮನೆತನಕ್ಕೆ ಒಂದೊಂದು ಜಂಬ ಇರುತ್ತದೆ. ನಮ್ಮದು ಸಾವಿನ ಜಂಬ. ನಮ್ಮ ಗಂಡಸರು ಹಾಸಿಗೆ ಹಿಡಿದು ನರಳಿದವರಲ್ಲ. ತಾತ ಕಾಯಿ ಸುಲಿಯುತ್ತಲೇ ಹೋದರು, ಅಪ್ಪ ಊಟದ ತಟ್ಟೆಯ ಮುಂದೆ, ಚಿಕ್ಕಪ್ಪ ಶೆಟ್ಟಿಕೆರೆಯಲ್ಲಿ ಬಸ್ಸು ಕಾಯುತ್ತಾ. ತಿಥಿಗೆ ಬಂದವರೆಲ್ಲ "ಪುಣ್ಯವಂತ ಕಣಪ್ಪ, ಒಬ್ರಿಗೂ ತೊಂದ್ರೆ ಕೊಡ್ಲಿಲ್ಲ" ಎಂದು ಹೊಗಳಿ, ಹೋಳಿಗೆಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ನಾನೂ ಹಾಕಿಸಿಕೊಂಡಿದ್ದೇನೆ.

ಈ ಜಂಬವನ್ನು ತಿಪಟೂರಿನ ಡಾಕ್ಟರ ಮುಂದೆ ಬಿಚ್ಚಿದ್ದೇ ತಪ್ಪಾಯಿತು. ಕೊಬ್ಬರಿ ಮಂಡಿಯ ಗಾದಿಯ ಮೇಲೆ ಕೂತಲ್ಲೇ ಕೂತು ವ್ಯಾಪಾರ ಮಾಡುವ ನನಗೆ, ಮೂವತ್ತನಾಲ್ಕಕ್ಕೇ, ಅಟ್ಟದ ಏಣಿ ಹತ್ತಿದರೆ ಎದೆ ಹಿಡಿದಂತಾಗುತ್ತಿತ್ತು. ವಾಯು ಇರಬೇಕೆಂದು ಸೋಡಾ ಕುಡಿದು ಕುಡಿದು ಸಾಕಾಗಿ ಅವರ ಹತ್ತಿರ ಹೋಗಿದ್ದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಬೀಪಿ ನೋಡುತ್ತಾ, "ತಂದೆ ಇದ್ದಾರಾ?" ಎಂದರು. ಮೂವರ ಕಥೆಯನ್ನೂ ಹೆಮ್ಮೆಯಿಂದಲೇ ಹೇಳಿದೆ. ಅವರು ಮೆಚ್ಚಲಿಲ್ಲ, ವಯಸ್ಸು ಕೇಳಿದರು. ತಾತನಿಗೆ ಐವತ್ತೆರಡು, ಅಪ್ಪನಿಗೆ ನಲವತ್ತಾರು, ಚಿಕ್ಕಪ್ಪನಿಗೆ ನಲವತ್ತೊಂದು. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು.

"ಇದು ಪುಣ್ಯ ಅಲ್ಲ ಕಣ್ರೀ, ಹೃದಯದ ಕಾಯಿಲೆ. ನಿಮಗೂ ವಂಶದಿಂದ ಬಂದಿರಬಹುದು. ಅದಕ್ಕೆ ನಾನೇನೂ ಮಾಡೋಕಾಗಲ್ಲ. ಆದರೆ ಸಿಗರೇಟು, ತುಪ್ಪ, ಆ ಗಾದಿ, ಇವು ನಿಮ್ಮ ಕೈಯಲ್ಲಿವೆ" ಎಂದರು.

ಮನೆಗೆ ಬಂದು, "ಡಾಕ್ಟರಿಗೆ ನಮ್ಮ ಮನೆತನದ ಬೆಲೆ ಗೊತ್ತಿಲ್ಲ" ಎಂದು ಅವ್ವನ ಮುಂದೆ ನಕ್ಕೆ. ಅವ್ವ ನಗಲಿಲ್ಲ. "ತೊಂದ್ರೆ ಕೊಡ್ಲಿಲ್ಲ ಅಂತ ಎಲ್ರೂ ಹೊಗಳ್ಕೊಂಡು ಉಂಡ್ರಿ. ನಿಮ್ಮಪ್ಪ ಹತ್ತು ವರ್ಷ ಮಲಗಿದ್ರೂ ನಾನು ನೋಡ್ಕೊಂತಿದ್ದೆ ಕಣಪ್ಪ. ಒಂದು ಮಾತೂ ಆಡ್ದೆ ಹೋದ್ರಲ್ಲ, ಅದೇ ನಂಗೆ ತೊಂದ್ರೆ" ಎಂದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ನಾನು ಅವಳನ್ನು ಕೇಳಿರಲಿಲ್ಲ. ನಾಚಿಕೆಯಾಯಿತು, ಭಯವೂ ಆಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಲಾಗಲಿಲ್ಲ.

ಮರುದಿನದಿಂದ ಬೆಳಗ್ಗೆ ಬಿಳಿಗೆರೆ ದಾರಿಯಲ್ಲಿ ನಡೆಯುತ್ತಿದ್ದೇನೆ. ಕೆಲಸವಿಲ್ಲದೆ ನಡೆಯುವವನನ್ನು ನಮ್ಮ ಕಡೆ ಅನುಮಾನದಿಂದಲೇ ನೋಡುವುದು. "ಸ್ಕೂಟರ್ ಮಾರ್ಬುಟ್ಯೇನ್ಲಾ?" ಎಂದು ಗೆಳೆಯನೊಬ್ಬ ಮರುಗಿದ. ತುಪ್ಪದ ಪಾತ್ರೆ ನನ್ನ ಎಲೆಯ ಹತ್ತಿರ ಬರುವುದನ್ನು ನಿಲ್ಲಿಸಿದೆ. ಒಂದು ದಿನ ಉತ್ಸಾಹ ಬಂದು ಹೆಂಡತಿಗೆ ಹೇಳಿದೆ: "ಎಂಬತ್ತು ದಾಟಿ, ಹಾಸಿಗೆ ಹಿಡಿದು, ನಿಂಗೆ ಚೆನ್ನಾಗಿ ತೊಂದರೆ ಕೊಟ್ಟೇ ಹೋಗ್ತೀನಿ ಕಣೇ."

"ಕೊಡೀರಂತೆ. ಮೊದ್ಲು ಒಳಜೇಬಲ್ಲಿರೋ ಸಿಗರೇಟು ಕೊಡಿ" ಎಂದು ಕೈ ಚಾಚಿದಳು.

ಕೊಟ್ಟೆ. ಮಂಡಿಯಲ್ಲಿ ಇನ್ನೊಂದು ಪ್ಯಾಕು ಇರುವುದನ್ನು ನಾಳೆ ಹೇಳೋಣವೆಂದು ಸುಮ್ಮನಾದೆ. ಆದರೆ ನಾಳೆ ಎನ್ನುವ ಮಾತು ನಮ್ಮ ಮನೆಯ ಗಂಡಸರಿಗೆ ಅಷ್ಟಾಗಿ ಆಗಿಬರುವುದಿಲ್ಲ.