ಜ್ವಾಲಾಮುಖಿಯ ನೆತ್ತಿಯ ಮೇಲೆ ಮೊಸರು

ಹೆಂಡತಿಯ ಬಗ್ಗೆ ಹೆಮ್ಮೆಪಡುವುದು ಸುಲಭ. ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಕಷ್ಟ. ನನಗಂತೂ ಸಾಧ್ಯವಾಗಿಲ್ಲ. ನನ್ನ ಸುನಂದಾ ಭೂಗರ್ಭದಲ್ಲಿ ಶಿಲಾರಸ ಹೇಗೆ ಹರಿಯುತ್ತದೆಂದು ಸಂಶೋಧಿಸುತ್ತಾಳೆಂಬುದು ಪುಣೆ ಬದಿಯ ಭೋಸರಿಯಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಚಹಾ ಕೊಡುವವನಿಗೂ ಗೊತ್ತು. 'ಅಷ್ಟು ಆಳಕ್ಕ ಇಳೀತಾರೇನ್ರಿ ಬಾಯಾರು?' ಎಂದು ಕೇಳುವವರಿದ್ದಾರೆ. ಇಳಿಯುವುದಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ, ಗಾಜಿನ ತೊಟ್ಟಿಯೊಳಗೆ ಜೆಲಟಿನ್ ಹೆಪ್ಪುಗಟ್ಟಿಸಿ ಅದನ್ನೇ ನೆಲವೆಂದುಕೊಳ್ಳುತ್ತಾಳೆ. ತಳದ ತೂತಿನಿಂದ ಕೆಂಪು ನೀರು ಒತ್ತಿದರೆ ಅದೇ ಶಿಲಾರಸ. ನೆಲವನ್ನು ಸೀಳಿಕೊಂಡು ತೆಳ್ಳಗೆ ಮೇಲೇರುತ್ತದೆ. ಜೆಲಟಿನ್ ಪ್ರಾಣಿಗಳ ಎಲುಬು-ತೊಗಲಿನಿಂದ ಆಗುತ್ತದೆಂದು ಮಾತ್ರ ನಮ್ಮ ಅವ್ವನಿಗೆ ಇನ್ನೂ ಯಾರೂ ಹೇಳಿಲ್ಲ. ನೀವೂ ಹೇಳಬೇಡಿ.

ಆ ಪ್ರಯೋಗಾಲಯದ ಕೋಣೆಯ ಮೇಲೆ ಕಾಲೇಜಿನವರ ಕಣ್ಣು ಬಿದ್ದಿತ್ತು. ತಜ್ಞರು ಬಂದು ನೋಡಿ ಮೆಚ್ಚಿದರೆ ಉಳಿಯುತ್ತದೆ, ಇಲ್ಲವಾದರೆ ಅಲ್ಲಿ ಕಂಪ್ಯೂಟರುಗಳು. ಅವರು ಬರುವ ಹಿಂದಿನ ದಿನವೇ ಅಲ್ಲಿಯ ಫ್ರಿಜ್ ಕೈಕೊಡಬೇಕೇ! ಪುಣೆಯ ಏಪ್ರಿಲ್ ಸೆಕೆಗೆ ಜೆಲಟಿನ್ ಕರಗದೆ ಇರುತ್ತದೆಯೇ? ತೊಟ್ಟಿ ವಾಕಡದ ನಮ್ಮ ಮನೆಯ ಫ್ರಿಜ್ಜಿಗೆ ಬಂತು. 'ಯಾರೂ ಮುಟ್ಟಬ್ಯಾಡ್ರಿ' ಎಂದಳು ಸುನಂದಾ. ಅವ್ವ ಮುಟ್ಟಲಿಲ್ಲ, ನಿಜ. ಆದರೆ ಸೊಸೆ ಪರೀಕ್ಷೆಯಂಥ ಕೆಲಸಕ್ಕೆ ಹೊರಟಾಗ ಕೈಗೆ ಮೊಸರು-ಸಕ್ಕರೆ ಹಾಕದೆ ಕಳಿಸುವುದುಂಟೇ? ಮೊಸರು ಸೆಕೆಗೆ ಹುಳಿಯಾದೀತೆಂದು ಬಟ್ಟಲು ತುಂಬಿ ಫ್ರಿಜ್ಜಿನಲ್ಲಿಟ್ಟಳು. ಬೇರೆ ಜಾಗವಿಲ್ಲದ್ದರಿಂದ ಸುನಂದಾಳ ನೆಲದ ಮೇಲೆಯೇ, ಒಂದು ಬದಿಗೆ.

ಬೆಳಿಗ್ಗೆ ಬಟ್ಟಲು ಎತ್ತಿದರೆ ಕೆಳಗೆ ದುಂಡನೆಯ ಕುಳಿ. 'ಹೊಸಾದು ಹೆಪ್ಪಾಗ್ಲಿಕ್ಕೆ ಇನ್ನೊಂದು ದಿನಾ ಬೇಕು' ಎಂದು ಸುನಂದಾ ಕುಸಿದು ಕೂತಳು. 'ಅಯ್ಯ ನನ್ನ ಕರ್ಮ, ಜರಾ ತಂಪಾಗ್ಲಿ ಅಂತ ಇಟ್ಟೆವಾ' ಎಂದು ಅವ್ವ ಅಳುವಂತಾದಳು. ನಾನು ಯಾರನ್ನು ಸಮಾಧಾನ ಮಾಡಲಿ? ಅಷ್ಟರಲ್ಲಿ ಕುಳಿಯನ್ನೇ ದಿಟ್ಟಿಸುತ್ತಿದ್ದ ಸುನಂದಾ ತಟ್ಟನೆ ಎದ್ದಳು. 'ರೀ, ಆ ಬಟ್ಟಲಾನೂ ತೊಗೊಳ್ರಿ. ಮೊಸರು ಹಂಗ ಇರ್ಲಿ.'

ಕಾಲೇಜಿನಲ್ಲಿ ಬಟ್ಟಲನ್ನು ಅದೇ ಕುಳಿಯಲ್ಲಿ ಕೂರಿಸಿದಳು. ತಜ್ಞರಲ್ಲಿ ಹಿರಿಯರು ಇದೇನೆಂದು ಹುಬ್ಬೇರಿಸಿ 'ಹೇ ಕಾಯ್?' ಎಂದರು. 'ಡೋಂಗರ, ಸರ್' ಎಂದಳು. ಬಟ್ಟಲೇ ಬೆಟ್ಟ! ಬೆಟ್ಟದ ಭಾರವು ಶಿಲಾರಸವನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ, ನೋಡಿ ಎಂದು ಮರಾಠಿಯಲ್ಲೇ ವಿವರಿಸಿ ಕೆಂಪು ನೀರು ಬಿಟ್ಟಳು. ಅದು ನೆಟ್ಟಗೆ ಏರಿತು, ಏರಿತು. ಬಾಗಿಲ ಬಳಿ ನಿಂತಿದ್ದ ನಾನು ಎರಡು ಹೆಜ್ಜೆ ಒಳಗೆ ಬಂದೆ. ಅರ್ಧದಾರಿಯಲ್ಲಿ ಮೆಲ್ಲಗೆ ವಾಲಿತು, ವಾಲಿ ಮೊಸರಿನ ಬಟ್ಟಲಿನ ಬುಡಕ್ಕೇ ಹೋಗಿ ಚಿಮ್ಮಿತು. ತಜ್ಞರು ಕುರ್ಚಿಬಿಟ್ಟು ಎದ್ದರು. ಕೋಣೆ ಉಳಿಯಿತು. ನನ್ನ ಕಣ್ಣು ತುಂಬಿ ಬಂತು, ಅದರಲ್ಲಿ ನಾಚಿಕೆಯೇನು?

ಸಂಜೆ ಬಂಧುಗಳಿಗೆಲ್ಲ ಫೋನು ಮಾಡಿದೆ. ದೌಂಡದ ಕಾಕಾ ಎಲ್ಲ ಕೇಳಿಸಿಕೊಂಡು, 'ಭಾಳ ಛಲೋ ಆತು. ಸುನಂದಾ ಪ್ರಯೋಗ ಮಾಡಿದ್ಲು, ನಿಮ್ಮವ್ವ ಬಟ್ಟಲಾ ಇಟ್ಲು. ಮತ್ತ ನೀ ಏನ್ ಮಾಡ್ದಿ?' ಎಂದರು.

'ನಾನು ಹೆಮ್ಮೆಪಟ್ಟೆ ಕಾಕಾ!' ಎಂದೆ. ಮನೆಯಲ್ಲಿ ಆ ಕೆಲಸಕ್ಕೂ ಒಬ್ಬರು ಬೇಕಲ್ಲ.

ಒಳಗಿನಿಂದ ಸುನಂದಾಳ ದನಿ ಬಂತು: 'ಹೆಮ್ಮಿ ಜರಾ ಸಣ್ಣ ದನೀಲೆ ಪಡ್ರಿ. ಬಾಜೂ ಮನ್ಯಾವರು ಬಾಗಲಾ ಬಡೀಲಿಕತ್ತಾರ.'