ಹನ್ನೊಂದು ಟವಲ್ಲು, ಒಂದು ಮಂಡಿ

ನಗಬೇಕು ಅಂತ ಯಾರೂ ಬಸ್ಸು ಹತ್ತುವುದಿಲ್ಲ. ನಾನಂತೂ ಹಾಜರಿ ಪುಸ್ತಕದ ಭಯಕ್ಕೆ ಹತ್ತುವವನು. ಹನೂರಿನ ಕಚೇರಿಯೊಂದರಲ್ಲಿ ಗುಮಾಸ್ತ, ಮನೆ ಯಳಂದೂರಿನಲ್ಲಿ. ಆದರೂ ನಮ್ಮ ಬೆಳಗಿನ ಬಸ್ಸಿನಲ್ಲಿ ವಾರಕ್ಕೊಂದಾದರೂ ಏನಾದರೊಂದು ಆಗಿಯೇ ತೀರುತ್ತದೆ. ಅದಕ್ಕೆ ಕಾರಣ ಬಸ್ಸಲ್ಲ, ನಮ್ಮ ವಾಟ್ಸಾಪ್ ಗ್ರೂಪು.

ಗ್ರೂಪು ಶುರು ಮಾಡಿದ್ದು ಕೌದಳ್ಳಿಯ ಪ್ರಾಥಮಿಕ ಶಾಲೆಯ ಟೀಚರು. ಸತ್ತೇಗಾಲದವರು, ಕೊಳ್ಳೇಗಾಲಕ್ಕೆ ಬಂದು ನಮ್ಮ ಬಸ್ಸು ಹಿಡಿಯುತ್ತಾರೆ. ಬಸ್ಸು ಎಲ್ಲಿದೆ ಅಂತ ಒಬ್ಬರಿಗೊಬ್ಬರು ತಿಳಿಸಲಿ ಎಂಬುದಷ್ಟೇ ಅವರ ಉದ್ದೇಶ. ಮೊದಲ ದಿನವೇ ನಿಯಮ ಒಂದು ಅಂತ ಬರೆದು ಹಾಕಿದರು: "ಒಬ್ಬರು ಕೇಳಿದರೆ ಒಬ್ಬರು ಉತ್ತರಿಸಿದರೆ ಸಾಕು." ನಿಯಮ ಎರಡು ಬರೆಯುವ ಅಗತ್ಯ ಬೀಳಲಿಲ್ಲ, ಯಾಕೆಂದರೆ ಒಂದನ್ನೇ ಇವತ್ತಿನವರೆಗೆ ಯಾರೂ ಪಾಲಿಸಿಲ್ಲ. "ಬಸ್ ಎಲ್ಲಿ?" ಅಂತ ಒಬ್ಬ ಕೇಳಿದರೆ ಹದಿನೈದು ಜನ ಉತ್ತರ ಕೊಡುತ್ತಾರೆ. ಅದರಲ್ಲಿ ನಾಲ್ಕು ಜನ ಅವತ್ತು ರಜಾ ಹಾಕಿ ಮನೆಯಲ್ಲಿರುತ್ತಾರೆ.

ಎರಡು ನಿಮಿಷ

ಒಂದು ಸೋಮವಾರ ನಮ್ಮ ಮನೆಯಲ್ಲಿ ಬಿಸಿನೀರು ಕಾಯುವುದು ತಡವಾಯಿತು. ಒಂದು ಕಾಲಿಗೆ ಪ್ಯಾಂಟು ಏರಿಸಿಕೊಂಡೇ ಗ್ರೂಪಿಗೆ ಬರೆದೆ: "ಎರಡು ನಿಮಿಷ ಬಸ್ ನಿಲ್ಲಿಸಿ, ಬಂದೆ." ಫೋನನ್ನು ಬ್ಯಾಗಿನ ತಳಕ್ಕೆ ತುರುಕಿ ರಸ್ತೆಗೆ ಓಡಿದೆ. ಪರಿಚಯದ ಹಾಲಿನವರು ಬೈಕು ನಿಲ್ಲಿಸಿ, "ಬಸ್ಸು ಇಷ್ಟೊತ್ತಿಗೆ ಒಂಟೋಗಿರ್ತದೆ ಸಾ. ಅತ್ತಿ, ಮಾಂಬಳ್ಳೀಲಿ ಇಡ್ಕಬವ್ದು" ಅಂದರು. ಕ್ಯಾನುಗಳ ನಡುವೆ ಕೂತು ಅಡ್ಡದಾರಿಯಲ್ಲಿ ಮಾಂಬಳ್ಳಿಗೆ ಹೋದೆ.

ಮಾಂಬಳ್ಳಿಯಲ್ಲಿ ನಮ್ಮ ಗ್ರೂಪಿನ ಹೂವಿನಕ್ಕ ಮಲ್ಲಿಗೆ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಹನೂರಿನ ಸಂತೆಬೀದಿಯಲ್ಲಿ ಹೂ ಮಾರುವವಳು. ಅವಳಿಗೆ ಅಕ್ಷರ ಬಾರದು, ಏನಿದ್ದರೂ ಮಾತಾಡಿ ಕಳಿಸುತ್ತಾಳೆ, ಬಂದದ್ದನ್ನು ಯಾರಿಗಾದರೂ ಫೋನು ಮಾಡಿ ಓದಿಸಿ ಕೇಳುತ್ತಾಳೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಬಸ್ಸು ಬರಲಿಲ್ಲ. ಹೂವಿನಕ್ಕ ಫೋನು ಕಿವಿಗಿಟ್ಟು ಯಾರನ್ನೋ ವಿಚಾರಿಸಿ ನನಗೆ ಹೇಳಿದಳು: "ಯಾವನೋ ಮಾನುಬಾವ ಯಡ್ ನಿಮ್ಸ ನಿಲ್ಸಿ ಅಂದವ್ನಂತೆ ಸಾ. ಅವ್ನಿಗೋಸ್ಕರ ಎಲ್ಲಾರೂ ಯಳಂದೂರಲ್ಲೇ ಬಸ್ಸ ಇಡ್ಕಂಡವ್ರಂತೆ. ಅವ್ನು ಬಂದೇ ಇಲ್ವಂತೆ."

ನಾನು ಮಲ್ಲಿಗೆ ಬುಟ್ಟಿ ನೋಡುತ್ತಾ ನಿಂತೆ.

ಆಮೇಲೆ ತಿಳಿಯಿತು. ಯಳಂದೂರಿನಲ್ಲಿ ಒಬ್ಬರು ಚಪ್ಪಲಿ ಬಿತ್ತು ಅಂತ ಬಸ್ಸಿನ ಕೆಳಗೆ ತೂರಿದ್ದರು. ಇನ್ನೊಬ್ಬರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ನೆಲದ ಮೇಲೆ ಒಂದು ಕಾಲಿಟ್ಟು ಕಂಡಕ್ಟರಿಗೆ ಮಗಳ ಮದುವೆ ಮಾತುಕತೆ ಹೇಳುತ್ತಿದ್ದರು. ನಮ್ಮ ಗ್ರೂಪಿನ ನರ್ಸಮ್ಮ ಡ್ರೈವರಣ್ಣನ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ, "ಸುಮ್ನೆ ಕೂತ್ಕೊಳಿ, ಮಾತಾಡಿದ್ರೆ ತಪ್ಪು ತೋರಿಸ್ತದೆ" ಅಂತ ಹಿಡಿದು ಕೂರಿಸಿದ್ದರು. ಕೊನೆಗೂ ಬಸ್ಸು ಮಾಂಬಳ್ಳಿಗೆ ಬಂದಾಗ ನಾನು ಹೂವಿನಕ್ಕನ ಹಿಂದೆ ತಲೆ ತಗ್ಗಿಸಿ ಹತ್ತಿದೆ. ಯಳಂದೂರಿನಲ್ಲಿ ಸರಿಯಾಗಿಯೇ ಇದ್ದ ಡ್ರೈವರಣ್ಣನ ಬಿ.ಪಿ. ಮಾಂಬಳ್ಳಿಯಲ್ಲಿ ನನ್ನ ಮುಖ ನೋಡಿದ ಮೇಲೆ ಏರಿತು ಅಂತ ನರ್ಸಮ್ಮ ಇವತ್ತಿಗೂ ಹೇಳುತ್ತಾರೆ.

ಎತ್ತಿನ ಫೋಟೋ

ಗ್ರೂಪಿನಲ್ಲಿ ನನಗೆ ಒಬ್ಬ ಜೀವದ ಗೆಳೆಯನಿದ್ದ. ಮುಖ ನೋಡಿರಲಿಲ್ಲ. ಅವನ ಫೋಟೋ ಇರಬೇಕಾದ ಕಡೆ ಒಂದು ಒಳ್ಳೆಯ ಬಿಳಿ ಎತ್ತಿನ ಫೋಟೋ ಇತ್ತು. ನನ್ನ ಫೋನಿನಲ್ಲೂ ಎತ್ತಣ್ಣ ಅಂತಲೇ ಬರೆದುಕೊಂಡಿದ್ದೆ. ನಮ್ಮ ತಾಯಿಯ ಕಣ್ಣಿಗೆ ಆಪರೇಷನ್ ಆದಾಗ ಎರಡು ಹೊತ್ತೂ ವಿಚಾರಿಸಿದವನು ಅವನು. ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದಾಗ, "ಬುಡಿ ಸಾ, ನಾವೇನು ಲೆಕ್ಕ ಕಲ್ತು ಉದ್ಧಾರಾದ್ವ" ಅಂತ ಸಮಾಧಾನ ಹೇಳಿದವನೂ ಅವನೇ.

ಇದೇ ಕಾಲದಲ್ಲಿ ಬಸ್ಸಿನೊಳಗೆ ನನಗೊಬ್ಬ ಶತ್ರುವೂ ಇದ್ದ. ಕುಂತೂರಿನ ಹತ್ತಿರ ಹತ್ತುವ ದಪ್ಪ ಮನುಷ್ಯ. ದಿನಾ ನನ್ನ ಪಕ್ಕಕ್ಕೇ ಬಂದು ಕೂತು, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಸ್ಸು ನಿಧಾನವಾಗುತ್ತಿದ್ದಂತೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ. ಒಂದು ದಿನ ನನ್ನ ಹೊಸ ಅಂಗಿಯ ಮೇಲೆ ಜೊಲ್ಲು ಬಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು, ಗ್ರೂಪಿನಲ್ಲಿ ಬರೆದೆ: "ಪಕ್ಕದಲ್ಲೊಬ್ಬ ಹೆಗಲ ಮೇಲೆ ಮಲಗಿ ಜೊಲ್ಲು ಸುರಿಸುತ್ತಿದ್ದಾನೆ. ಯಾರಾದರೂ ಕಾಪಾಡಿ."

ಪಕ್ಕದವನ ಜೇಬಿನಲ್ಲಿ ಟಿಂಗ್ ಅಂತು. ಅವನು ಎಚ್ಚರವಾಗಿ ಬಾಯಿ ಒರೆಸಿಕೊಂಡು ಫೋನು ತೆಗೆದ, ಕಣ್ಣು ಕಿರಿದು ಮಾಡಿ ಓದಿದ, ಬಹಳ ಕನಿಕರದಿಂದ ತಲೆ ಅಲ್ಲಾಡಿಸಿದ. ಆಮೇಲೆ ಒಂದೇ ಬೆರಳಿನಲ್ಲಿ ಕುಟ್ಟತೊಡಗಿದ. ನನ್ನ ಫೋನು ಟಿಂಗ್ ಅಂತು. ಎತ್ತಣ್ಣನ ಉತ್ತರ: "ಅಂಥೋರ್ಗೆ ನಾಚ್ಕೆ ಇರಲ್ಲ ಸಾ. ಮೊಣಕೈಲಿ ಒಂದು ತಿವೀರಿ, ಆಗೋದಾಗ್ಲಿ ನಾನಿವ್ನಿ."

ನಾನು ತಿವಿದೆ.

ಅವನು ಹನೂರಿನ ದನದ ಆಸ್ಪತ್ರೆಯ ಕಾಂಪೌಂಡರ್ ಅಂತ ಅವತ್ತು ಗೊತ್ತಾಯಿತು. ಈಗಲೂ ನನ್ನ ಹೆಗಲ ಮೇಲೆಯೇ ಮಲಗುತ್ತಾನೆ. ಒಂದೇ ವ್ಯತ್ಯಾಸ, ಮಲಗುವ ಮೊದಲು ತನ್ನ ಟವಲ್ಲು ತೆಗೆದು ನನ್ನ ಹೆಗಲಿಗೆ ಹಾಸುತ್ತಾನೆ.

ಮರೆತ ಡಬ್ಬಿ

ಒಮ್ಮೆ ಊಟದ ಡಬ್ಬಿ ಮನೆಯಲ್ಲೇ ಮರೆತೆ. ಯಾರಿಂದಲೂ ಏನನ್ನೂ ಬಯಸದೆ, ಬರೀ ದುಃಖ ತೋಡಿಕೊಳ್ಳಲು ಗ್ರೂಪಿನಲ್ಲಿ ಬರೆದೆ. ನರ್ಸಮ್ಮ ತಮ್ಮ ಡಬ್ಬಿಯಿಂದ ಮೂರು ಚಪಾತಿ ತೆಗೆದುಕೊಟ್ಟರು. ಹೂವಿನಕ್ಕ ಮಾಂಬಳ್ಳಿಯಲ್ಲಿ ಬಾಳೆಲೆಯಲ್ಲಿ ಇಡ್ಲಿ ಕಟ್ಟಿಸಿಕೊಂಡೇ ಹತ್ತಿದಳು. ಕಾಂಪೌಂಡರ್ ಮುದ್ದೆ ಮತ್ತು ಉಪ್ಸಾರು ತಂದ. ಕೊಳ್ಳೇಗಾಲದಲ್ಲಿ ಟೀಚರು ಚಿತ್ರಾನ್ನದ ಡಬ್ಬಿ ಕೈಗಿಟ್ಟು, ನನ್ನ ಮಡಿಲಲ್ಲಿದ್ದ ಉಳಿದದ್ದನ್ನೆಲ್ಲ ನೋಡಿ, "ನಿಯಮ ಒಂದು ಯಾರಾದ್ರೂ ಓದಿದ್ದೀರಾ?" ಅಂತ ಬಸ್ಸಿಗೆಲ್ಲ ಕೇಳುವಂತೆ ಕೇಳಿದರು. ಯಾರೂ ಕೈ ಎತ್ತಲಿಲ್ಲ.

ಕಚೇರಿಯಲ್ಲಿ ಕೂತು ಎಲ್ಲವನ್ನೂ ತಿಂದೆ. ಒಬ್ಬರದು ಬಿಟ್ಟು ಒಬ್ಬರದು ತಿಂದರೆ ಬೇಜಾರಾಗುತ್ತದಲ್ಲ. ಅಷ್ಟರಲ್ಲಿ ಮುಂದಿನ ಬಸ್ಸಿನ ಕಂಡಕ್ಟರು ಬಂದು, ಮನೆಯಿಂದ ನನ್ನ ಹೆಂಡತಿ ಕೊಟ್ಟು ಕಳಿಸಿದ್ದ ನನ್ನದೇ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋದರು. ಅದನ್ನು ಮುಟ್ಟುವ ಶಕ್ತಿ ನನ್ನಲ್ಲಿರಲಿಲ್ಲ. ಮುಚ್ಚಳ ಕೂಡ ತೆಗೆಯದೆ ಜವಾನನಿಗೆ ಕೊಟ್ಟು, ಖಾಲಿ ಡಬ್ಬಿ ತೊಳೆದು ಮನೆಗೆ ಒಯ್ದೆ.

ಸಂಜೆ ಹೆಂಡತಿ ಕೇಳಿದಳು, "ಊಟ ಎಂಗಿತ್ತು?"

"ಬಾಳ ಚೆನ್ನಾಗಿತ್ತು ಕಣೆ. ಅದ್ರಲ್ಲೂ ಮುದ್ದೆ."

"ನಾನು ಕಳ್ಸಿದ್ದು ಪುಳಿಯೋಗರೆ" ಅಂದಳು. ಆಮೇಲಿನ ಮಾತುಕತೆಯನ್ನು ಇಲ್ಲಿ ಬರೆಯುವಂತಿಲ್ಲ.

ಟವಲ್ಲು

ಕಳೆದ ಬಾರಿ ಶಾಲೆಗಳು ಮುಚ್ಚುವ ಹೊತ್ತಿಗೆ ಟೀಚರಿಗೆ ಮಂಡಿಯ ಆಪರೇಷನ್ ಆಯಿತು. ಬೇಸಿಗೆಯೆಲ್ಲ ಮನೆಯಲ್ಲೇ ಇದ್ದರು. ಶಾಲೆ ತೆರೆಯುವ ಎರಡು ದಿನ ಮೊದಲು ಗ್ರೂಪಿಗೆ ಉದ್ದನೆಯ ಸಂದೇಶ ಬಂತು.

ಡಾಕ್ಟರು ಕೆಲಸಕ್ಕೆ ಹೋಗಬಹುದು ಅಂದಿದ್ದರು, ಆದರೆ ಬಸ್ಸಿನಲ್ಲಿ ನಿಂತು ಹೋಗಬಾರದು ಅಂದಿದ್ದರು. ಟೀಚರ ಯಜಮಾನರು ತೆಂಗಿನ ತೋಟ ನೋಡಿಕೊಳ್ಳುವವರು, ಹೆಂಡತಿ ಮೇಲೆ ಅತಿ ಪ್ರೀತಿ. ಆ ಬಸ್ಸಿನಲ್ಲಿ ಸೀಟು ಸಿಗುವುದುಂಟೇ, ಸಾಕು ಮನೆಯಲ್ಲಿರು ಅಂತ ತಾವೇ ಸ್ವಯಂ ನಿವೃತ್ತಿಯ ಅರ್ಜಿ ಬರೆದಿಟ್ಟಿದ್ದರು. ಟೀಚರು ಸಹಿ ಹಾಕುವುದೊಂದು ಬಾಕಿ. ಜಗಳವಾಗಿ ಕೊನೆಗೆ ಒಪ್ಪಂದವಾಗಿತ್ತು. ಮೊದಲ ದಿನ ಯಜಮಾನರೂ ಜೊತೆಗೆ ಬರುತ್ತಾರೆ. ಕೊಳ್ಳೇಗಾಲದಿಂದ ಕೌದಳ್ಳಿಯವರೆಗೆ ಟೀಚರು ಒಂದೇ ಒಂದು ಸ್ಟಾಪು ನಿಂತರೂ ಅಲ್ಲೇ ಸಹಿ. "ಮೂರನೇ ಕ್ಲಾಸಿನವಕ್ಕೆ ಮಗ್ಗಿ ಅರ್ಧಕ್ಕೇ ನಿಂತಿದೆ. ಅಷ್ಟಾದರೂ ಮುಗಿಸಬೇಕು" ಅಂತ ಕೊನೆಯಲ್ಲಿ ಬರೆದಿದ್ದರು.

ಅದನ್ನು ಎರಡೆರಡು ಸಲ ಓದಿದೆ. ಅವರಿಲ್ಲದ ಬಸ್ಸನ್ನು ಎರಡು ತಿಂಗಳು ನೋಡಿದ್ದೆ, ಇನ್ನು ಯಾವತ್ತೂ ಬರುವುದಿಲ್ಲ ಅಂದರೆ ಹೇಗೆ? ಸೀಟು ನಾನೇ ಹಿಡಿಯುತ್ತೇನೆ ಅಂತ ನಿರ್ಧರಿಸಿದೆ. ಗ್ರೂಪಿನಲ್ಲಿ ಬರೆಯಲು ಹೊರಟವನಿಗೆ ನಿಯಮ ಒಂದು ನೆನಪಾಯಿತು. ಈ ಸಲವಾದರೂ ಟೀಚರ ಮಾತಿಗೆ ಮರ್ಯಾದೆ ಕೊಡೋಣ ಅಂತ ಸುಮ್ಮನಾದೆ. ಅವತ್ತು ಇಡೀ ಗ್ರೂಪು ಸುಮ್ಮನಿತ್ತು. ಇತಿಹಾಸದಲ್ಲೇ ಮೊದಲು.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಬಸ್ಸು ಇಳಿಯುತ್ತದೆ, ಒಂದೂವರೆ ಬಸ್ಸು ಹತ್ತುತ್ತದೆ. ಕಿಟಕಿಯಿಂದ ಟವಲ್ಲು ಎಸೆದವನದೇ ಸೀಟು. ನಾನು ಕೂತಿದ್ದ ಸೀಟಿನಿಂದ ಎದ್ದು ಟವಲ್ಲು ಹಾಸಿ ಕಾವಲು ನಿಂತೆ. ಹೆಮ್ಮೆಯಿಂದ ಸುತ್ತ ನೋಡಿದರೆ ಪಕ್ಕದಲ್ಲಿ ಕಾಂಪೌಂಡರ್ ಎದ್ದು ನಿಂತಿದ್ದಾನೆ, ಅವನ ಸೀಟಿನ ಮೇಲೂ ಟವಲ್ಲು. ಬಾಗಿಲ ಪಕ್ಕದ ಸೀಟಿನಲ್ಲಿ ಮಲ್ಲಿಗೆ ಬುಟ್ಟಿ. ಅದರ ಹಿಂದೆ ಬಿ.ಪಿ. ಪಟ್ಟಿ. ಕೊಳ್ಳೇಗಾಲದ ಸದಸ್ಯರು ಕೆಳಗಿನಿಂದ ಕಿಟಕಿಗಳಲ್ಲಿ ಎಸೆದ ಟವಲ್ಲು, ದುಪಟ್ಟಾ, ಒಂದು ಸ್ವೆಟರು. ಒಟ್ಟು ಹನ್ನೊಂದು ಸೀಟು ಖಾಲಿ. ಹನ್ನೊಂದರ ಪಕ್ಕದಲ್ಲೂ ಒಬ್ಬೊಬ್ಬ ಸದಸ್ಯ ಕೈಕಟ್ಟಿ ನಿಂತಿದ್ದಾನೆ. ನಡುವೆ ಇಡೀ ಬಸ್ಸಿನ ಜನ ಉಸಿರು ಕಟ್ಟಿ ನಿಂತಿದ್ದಾರೆ.

ಮಗು ಎತ್ತಿಕೊಂಡ ಹೆಂಗಸೊಬ್ಬಳು ಕಿರುಚಿದಳು. ಮಂಗಲದ ಮುದುಕರೊಬ್ಬರು, "ಟವಲ್ಗೆಲ್ಲ ಟಿಕೇಟ್ ತಕಂಡಿದೀರ?" ಅಂತ ಕೇಳಿದರು. ಕಂಡಕ್ಟರು ಶಿಳ್ಳೆ ಊದಿ, "ಇವೆಲ್ಲ ಯಾರ್ಗೆ ಇಡ್ದಿರದು?" ಅಂದರು.

"ಟೀಚರ್ಗೆ" ಅಂತ ಹನ್ನೊಂದು ಕಡೆಯಿಂದ ಉತ್ತರ ಬಂತು.

"ಯಾವ ಟೀಚರು ಒಬ್ರೇ ಹನ್ನೊಂದು ಸೀಟಲ್ಲಿ ಕೂರದು? ತಗೀರಿ ಎಲ್ಲಾನು" ಅಂತ ಕಂಡಕ್ಟರು ಕೂಗುವುದಕ್ಕೂ ಟೀಚರು ಕೋಲೂರಿಕೊಂಡು ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ಒಳಗೆ ಕಾಲಿಡಲು ಜಾಗವಿಲ್ಲ, ಬಾಗಿಲ ಪಕ್ಕದ ಸೀಟಿಗೂ ಅವರಿಗೂ ನಡುವೆ ಜನದ ಗೋಡೆ. ಬಾಗಿಲಲ್ಲೇ ಕಂಬಿ ಹಿಡಿದು ನಿಂತರು. ಹಿಂದೆಯೇ ಹತ್ತಿದ ಯಜಮಾನರು ಅದನ್ನು ನೋಡಿ ಜೇಬಿನಿಂದ ಮಡಿಚಿದ ಅರ್ಜಿಯನ್ನೂ ಪೆನ್ನನ್ನೂ ತೆಗೆದರು.

 ನಮ್ಮ ಉಪಕಾರವೇ ಅವರ ಕೆಲಸ ತೆಗೆಯುತ್ತಿದೆ. ಆಗ ಮುಂದೆ ಬಂದವಳು ಹೂವಿನಕ್ಕ.

"ಪೆನ್ನು ಒಳಿಕೆ ಮಡೀಕಳಿ ಸಾ" ಅಂದಳು. "ಬಸ್ಸೇ ನಿಂತದೆ. ನಿಂತಿರ ಬಸ್ಸಲ್ಲಿ ನಿಂತ್ಕಂಡ್ರೆ ಅದು ಲೆಕ್ಕುಕ್ಕಿಲ್ಲ."

ಯಜಮಾನರು ನ್ಯಾಯವಂತರು. ಯೋಚಿಸಿ, "ಒಂಟ ಮೇಲೆ ನೋಡವ" ಅಂದರು. ಡ್ರೈವರಣ್ಣ ಗೇರಿನ ಮೇಲೆ ಕೈಯಿಟ್ಟಿದ್ದವರು ಅದನ್ನು ಕೇಳಿ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಟೀಚರು ಒಮ್ಮೆ ಬಸ್ಸಿನುದ್ದಕ್ಕೂ ನೋಡಿದರು. ಹನ್ನೊಂದು ಟವಲ್ಲು, ಹನ್ನೊಂದು ಪೆದ್ದು ಮುಖ. ಕಣ್ಣಲ್ಲಿ ನೀರು ಬಂತು, ಆದರೆ ಧ್ವನಿ ಮಾತ್ರ ಮೂರನೇ ಕ್ಲಾಸಿನದೇ ಬಂತು. "ನಿಯಮ ಒಂದು ಏನು?"

"ಒಬ್ಬರು ಕೇಳಿದರೆ ಒಬ್ಬರು" ಅಂದೆವು.

"ಮತ್ತೆ? ಮೊದಲು ಆ ಮಗು ತಾಯಿ ಕೂತ್ಕೊಳ್ಳಲಿ. ತಾತ, ನೀವು ಅಲ್ಲಿ. ಆ ಸ್ವೆಟರ್ ಯಾರದು, ತೆಗೀರಿ." ಎರಡೇ ನಿಮಿಷದಲ್ಲಿ ಹತ್ತು ಸೀಟಿಗೆ ಹತ್ತು ಜನರನ್ನು ಕೂರಿಸಿದರು. ಕೊನೆಗೆ ಹೂವಿನಕ್ಕ ಬುಟ್ಟಿ ಎತ್ತಿಕೊಂಡಳು, ಬಾಗಿಲ ಪಕ್ಕದ ಆ ಸೀಟಿನಲ್ಲಿ ಟೀಚರು ಕೂತು ಕೋಲನ್ನು ಮಡಿಲಲ್ಲಿಟ್ಟುಕೊಂಡರು. ಡ್ರೈವರಣ್ಣ ಆಗ ಗೇರು ಹಾಕಿದರು.

ಕಂಡಕ್ಟರು ಯಜಮಾನರಿಗೆ ಒಂದು ಜಾಗ ಮಾಡಿಸಿಕೊಡಲೇ ಅಂತ ಕೇಳಿದರು. "ಬ್ಯಾಡ. ನನ್ ಮಂಡಿ ಗಟ್ಟಿಯಾಗದೆ" ಅಂದರು ಯಜಮಾನರು. ಕೌದಳ್ಳಿಯವರೆಗೂ ನಿಂತರು. ವಾಪಸು ಬರುವ ಬಸ್ಸಿನಲ್ಲೂ ಸೀಟು ಸಿಗಲಿಲ್ಲವಂತೆ, ಅಲ್ಲೂ ನಿಂತರು.

ಸಂಜೆ ಗ್ರೂಪಿನಲ್ಲಿ ಟೀಚರ ಸಂದೇಶ ಬಂತು: "ನನ್ನ ಮಂಡಿ ಚೆನ್ನಾಗಿದೆ. ನಮ್ಮ ಮನೆಯವರ ಮಂಡಿ ಹಿಡಿದುಕೊಂಡಿದೆ. ಯಾರ ಹತ್ತಿರವಾದರೂ ಒಳ್ಳೆ ಎಣ್ಣೆ ಇದೆಯಾ?"

ಮರುದಿನ ಕೊಳ್ಳೇಗಾಲದಲ್ಲಿ ಟೀಚರು ಒಬ್ಬರೇ ಹತ್ತಿದರು. ಸೀಟು ಒಂದೇ ಇತ್ತು, ಅದರ ಮೇಲೆ ಟವಲ್ಲೂ ಒಂದೇ ಇತ್ತು. ಎಣ್ಣೆ ಶೀಸೆ ಮಾತ್ರ ಹನ್ನೊಂದು ಬಂದಿದ್ದವು. ಅದರಲ್ಲಿ ಕಾಂಪೌಂಡರ್ ಕೊಟ್ಟದ್ದು ಉಳುಮೆ ಎತ್ತುಗಳ ಕಾಲಿಗೆ ಹಚ್ಚುವ ಎಣ್ಣೆ. "ಎತ್ಗೇ ಕೇಳ್ತದೆ, ಸಾರ್ಗೆ ಕೇಳ್ದೆ ಇದ್ದದ?" ಅಂದ.

ಕೇಳಿತು. ಮೂರು ದಿನದ ಮೇಲೆ ಟೀಚರು ಕಾಂಪೌಂಡರ್ ಕೊಟ್ಟ ಶೀಸೆಯ ಫೋಟೋ ಗ್ರೂಪಿಗೆ ಹಾಕಿದರು. ಅರ್ಧ ಖಾಲಿಯಾಗಿತ್ತು. ಬಿರಡೆಯ ಜಾಗದಲ್ಲಿ ಒಂದು ಕಾಗದವನ್ನು ಸುರುಳಿ ಸುತ್ತಿ ತುರುಕಿದ್ದರು. ದೊಡ್ಡದು ಮಾಡಿ ನೋಡಿದರೆ ಎಣ್ಣೆಯಲ್ಲಿ ನೆನೆದ ಕಾಗದದ ಮೇಲೆ 'ಸ್ವಯಂ ನಿವೃ' ಎಂಬಷ್ಟು ಅಕ್ಷರ ಕಾಣುತ್ತಿತ್ತು. ಕೆಳಗೆ ಟೀಚರು ಬರೆದಿದ್ದರು: "ಶೀಸೆಗೆ ಬಿರಡೆ ಇರಲಿಲ್ಲ. ನಮ್ಮ ಮನೆಯವರೇ ಯಾವುದೋ ಕೆಲಸಕ್ಕೆ ಬಾರದ ಕಾಗದ ಹುಡುಕಿ ಸುತ್ತಿ ಹಾಕಿದರು."