ಅಡಿ ಬಿಟ್ಟ ದೀಪ

ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಾರದ ವಸ್ತು ಒಂದೇ ಒಂದು ಉಂಟು, ಅದು ನಾನು. ಇದು ನನ್ನ ಅಭಿಪ್ರಾಯವಲ್ಲ, ನನ್ನ ಧರ್ಮಪತ್ನಿ ಗುಲಾಬಿ ಹೊರಡಿಸಿದ ರಾಜಾಜ್ಞೆ. ಹೋಟೆಲನ್ನು ಮಗ ಗೌರವ್‌ನ ಕೈಗೆ ಒಪ್ಪಿಸಿ, ಜೆಪ್ಪುವಿನ ಈ ಮನೆಯ ಬಾಲ್ಕನಿಯಲ್ಲಿ ಈಸಿಚೇರು ಹಾಕಿದ ದಿನದಿಂದ ಅದು ಜಾರಿಯಲ್ಲಿದೆ. ಹಾಗೆಂದು ನಾನು ಸುಮ್ಮನೆ ಕೂತವನಲ್ಲ, ಕನಸು ಕಾಣುತ್ತಿರುತ್ತೇನೆ. ಮೇ ತಿಂಗಳ ಮಧ್ಯಾಹ್ನ ಬನಿಯನು ಬೆನ್ನಿಗೆ ಅಂಟಿಕೊಂಡು, ಫ್ಯಾನು ಬಿಸಿಗಾಳಿಯನ್ನೇ ಮತ್ತೆ ಮತ್ತೆ ಬಡಿಸುತ್ತಿರುವಾಗ, ನೇತ್ರಾವತಿಯ ಕಡೆಯಿಂದ ಒಂದು ತುಂಡು ತಂಗಾಳಿ ಬಂದರೆ ಸಾಕು, ನಾನು ಎಲ್ಲಿಗೋ ಹೋಗಿಬಿಡುತ್ತೇನೆ. (ಹೋದವನನ್ನು ತೆಂಗಿನಕಾಯಿ ಸುಲಿಯಲು ಕರೆದು ವಾಪಸು ತರುವುದು ಗುಲಾಬಿಯ ಖಾತೆ.)

ಹಾಗೆ ಒಂದು ದಿನ ವಾಪಸು ಬರುವ ದಾರಿಯಲ್ಲಿ ಹಿಂದಿನ ಗಲ್ಲಿಯ ಬ್ಯಾನರು ನೆನಪಾಯಿತು. ‘ಹಿರಿಯರಿಗೆ ಬೇಸಿಗೆಯ ಸುಲಭ ಕರಕುಶಲ ಶಿಬಿರ. ಮಾಡಿ, ಮನೆಗೆ ಒಯ್ಯಿರಿ.’ ನಡೆಸುವವರು ನಿವೃತ್ತ ಡ್ರಾಯಿಂಗ್ ಟೀಚರ್ ಮಟಿಲ್ಡಾ ಬಾಯಿ. ನನ್ನ ಎದೆಯಲ್ಲಿ ಒಂದು ಆಸೆ ಎದ್ದು ಕೂತಿತು. ನನ್ನ ಕೈಯಾರೆ ಆದ ಒಂದು ವಸ್ತು ಈ ಮನೆಯಲ್ಲಿ ಇರಬೇಕು. ಅದು ಯಾವ ಕೆಲಸವನ್ನೂ ಮಾಡಬಾರದು. ಬರೀ ಚಂದಕ್ಕೆ ಇರಬೇಕು. ಅಂಥ ಒಂದು ವಸ್ತುವನ್ನು ಗುಲಾಬಿ ಸಹಿಸಿಕೊಂಡಳೆಂದರೆ, ಈಸಿಚೇರಿನಲ್ಲಿರುವ ಇನ್ನೊಂದನ್ನೂ ಸಹಿಸಿಕೊಂಡ ಹಾಗೆ ಎಂಬುದು ನನ್ನ ದೂರಾಲೋಚನೆ.

ಮೊದಲು ಒಯ್ದದ್ದು ತೆಂಗಿನ ಗೆರಟೆಯ ಗೂಬೆ.

“ಇದು ಎಂತದು?” ಅಂದಳು ಗುಲಾಬಿ.

“ಗೂಬೆ.”

“ತಲೆ ತೆಗೀಲಿಕ್ಕೆ ಬರ್ತದಾ?”

“ತೆಗೀಲಿಕ್ಕೆ ಇರುವುದಲ್ಲ ಮಾರಾಯ್ತಿ. ಅದು ಕಲೆ.”

“ಬರ್ತದೆ ನೋಡಿ. ಉಪ್ಪು ಹಾಕಿಡ್ಲಿಕ್ಕೆ ಒಳ್ಳೆದುಂಟು.”

ಅಂದಿನಿಂದ ಗೂಬೆ ಒಲೆಯ ಪಕ್ಕ ಉಪ್ಪು ನುಂಗಿಕೊಂಡು ಕೂತಿದೆ. ಆಮೇಲೆ ಅಡಿಕೆ ಹಾಳೆಯ ಮೇಲೆ ಸಮುದ್ರದ ಸೂರ್ಯಾಸ್ತ ಬರೆದು ಒಯ್ದೆ. ಮರುದಿನ ಟೆರೇಸಿನಲ್ಲಿ ಒಣಮೀನಿನ ಮೇಲೆ ಕಾಗೆ ಕೂರದಂತೆ ಸೂರ್ಯ ಮುಳುಗುತ್ತಿದ್ದ. ಹೊಳೆಯ ಕಲ್ಲಿಗೆ ಬಣ್ಣ ಕೊಟ್ಟು ಮಾಡಿದ ಆಮೆ ಬಚ್ಚಲಿನ ಬಾಗಿಲು ಹೊಡೆದುಕೊಳ್ಳದಂತೆ ಕಾವಲು ನಿಂತಿತು. ನಿಜ ಹೇಳುತ್ತೇನೆ, ನನಗೆ ಬೇಸರವಾಯಿತು. ಸ್ನಾನಕ್ಕೆ ಹೋಗುವಾಗೆಲ್ಲ ಆ ಆಮೆ ನನ್ನನ್ನೇ ನೋಡುತ್ತಿತ್ತು.

ಶಿಬಿರದ ಕೊನೆಯ ಶನಿವಾರ ಮಟಿಲ್ಡಾ ಬಾಯಿ ಮುಳ್ಳು ತೆಗೆದು ಬಾಡಿಸಿದ ಮುಂಡೇವಿನ ಎಲೆಯ ಸುರುಳಿಗಳನ್ನು ಮೇಜಿನ ಮೇಲೆ ಹರಡಿದರು. ಕೇದಗೆಯ ಜಾತಿಯ ಈ ಎಲೆಯನ್ನು ಕೊಳವೆಯ ಹಾಗೆ ಸುತ್ತಿ, ಕಡ್ಡಿ ಚುಚ್ಚಿ, ಒಳಗೆ ಇಡ್ಲಿ ಹಿಟ್ಟು ಹೊಯ್ದು ಬೇಯಿಸಿದರೆ ಮೂಡೆ. ಮಂಗಳೂರಿನಲ್ಲಿ ಹುಟ್ಟಿದ ಯಾವ ಹೊಟ್ಟೆಗೂ ಇದನ್ನು ವಿವರಿಸುವ ಅಗತ್ಯವಿಲ್ಲ.

“ನಾವು ಇವತ್ತು ಮೂಡೆ ಮಾಡುವುದಲ್ಲ, ತೂಗುದೀಪ,” ಅಂದರು ಟೀಚರ್. “ನೆನಪಿಡಿ, ಅಡಿ ಮುಚ್ಚಿದ್ರೆ ಮೂಡೆ, ಅಡಿ ಬಿಟ್ರೆ ದೀಪ. ಬೆಳಕು ಕೆಳಗೆ ಬೀಳಬೇಕಲ್ಲ.”

ಆ ಮಧ್ಯಾಹ್ನ ನಾನು ಭೂಮಿಯ ಮೇಲಿರಲಿಲ್ಲ. ಬೆರಳು ತಾನಾಗಿ ಹೆಣೆಯುತ್ತಿತ್ತು. ಎಲೆಯ ಹಸಿ ವಾಸನೆ, ಹೊರಗೆ ಮಾವಿನ ಮರದ ನೆರಳು, ಅರ್ಧ ನಿದ್ದೆ. ನನ್ನ ಬಾಲ್ಕನಿಯಲ್ಲಿ ದೀಪಗಳ ಒಂದು ಸಾಲು ಗಾಳಿಗೆ ಮೆಲ್ಲನೆ ತೂಗುವುದು ಕಂಡಿತು. ದಾರಿಯಲ್ಲಿ ಹೋಗುವವರು ನಿಂತು ತಲೆ ಎತ್ತುತ್ತಾರೆ. ಗುಲಾಬಿ ಸೆರಗಿನಿಂದ ಮುಖ ಒರೆಸಿಕೊಂಡು, ‘ಇದು ಇವರೇ ಮಾಡಿದ್ದು’ ಎನ್ನುತ್ತಾಳೆ. ಪ್ರತಿ ದೀಪದ ಬಾಯಿಗೂ ಒಂದು ಕೆಂಪು ಉಲ್ಲನ್ ದಾರ ಕಟ್ಟಿದೆ. ಅದು ನನ್ನ ಸಹಿ. ಸಂಜೆಯಾಗುವಷ್ಟರಲ್ಲಿ ಒಂದು ಸಾಲಿಗೆ ಸಾಲುವಷ್ಟು ದೀಪಗಳು, ಕೆಂಪು ದಾರದೊಡನೆ, ನಿಜವಾಗಿಯೂ ಸಿದ್ಧವಾದವು.

“ಸೆಕೆಗೆ ಒಡೀತದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಲ್ಲಿಡಿ,” ಎಂದು ಮಟಿಲ್ಡಾ ಬಾಯಿ ಹೇಳಿಕೊಟ್ಟರು. ನಮ್ಮ ಮನೆಯಲ್ಲಿ ತಂಪಾದ ಜಾಗ ಅಡುಗೆಮನೆಯ ತರಕಾರಿ ಬುಟ್ಟಿ. ಗುಲಾಬಿ ಅಕ್ಕಿ, ಉದ್ದು ಅರೆಯುವ ಗಡಿಬಿಡಿಯಲ್ಲಿದ್ದಳು. ಮರುದಿನ ನಮ್ಮ ಮಗಳು ಗ್ರೀಷ್ಮಾಳ ಮಾವ, ಬೀಗರಾದ ಚೆನ್ನಪ್ಪನವರು ಕೂಳೂರಿನಿಂದ ಬರುವವರಿದ್ದರು. ನಾನು ಸದ್ದಿಲ್ಲದೆ ಗಂಟನ್ನು ಬುಟ್ಟಿಯಲ್ಲಿಟ್ಟೆ. ಬೀಗರ ಎದುರೇ ದೀಪ ತೂಗಿಸಿ ಎಲ್ಲರನ್ನೂ ಬೆರಗುಗೊಳಿಸುವುದು ನನ್ನ ಯೋಜನೆ, ಆದ್ದರಿಂದ ತುಟಿ ಬಿಚ್ಚಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನನ್ನು ಕೋಳಿ ತರಲು ಅಟ್ಟಲಾಯಿತು. ತಂದುಕೊಟ್ಟು, ಬಂದ ಬೀಗರೊಡನೆ ಮಳೆ ಯಾವಾಗ ಬರಬಹುದೆಂದು ಚರ್ಚಿಸಿ, ಇಬ್ಬರೂ ಊಟಕ್ಕೆ ಕೂತೆವು. ಕೋರಿ ಗಸಿಯ, ಅಂದರೆ ನಮ್ಮ ಕಡೆಯ ಕೋಳಿ ಸಾರಿನ, ಪರಿಮಳ ಹಾಲ್‌ನವರೆಗೂ ಬಂದಿತ್ತು. ಜೊತೆಗೆ, ಏನಾಶ್ಚರ್ಯ, ಮೂಡೆ. ಎಲೆ ಬೆಂದು ಕಂದು ಬಣ್ಣಕ್ಕೆ ತಿರುಗಿತ್ತು. ಸುಲಿದು ಸುಲಿದು ತಿಂದೆ. ಅಷ್ಟೇ ಮಾಡಿ ಎದ್ದಿದ್ದರೆ ಬಚಾವಾಗುತ್ತಿದ್ದೆ. ಆದರೆ ನಾನು ಹೋಟೆಲು ನಡೆಸಿದವನು, ತಿಂಡಿಯ ವಿಚಾರದಲ್ಲಿ ಬಾಯಿ ಸುಮ್ಮನಿರುವುದಿಲ್ಲ.

“ರುಚಿ ಫಸ್ಟ್ ಕ್ಲಾಸ್. ಆದ್ರೆ ಹೆಣಿಗೆ ನೋಡಿದ್ರಾ ಬೀಗರೇ? ಅಡಿಯೇ ಇಲ್ಲ. ನನ್ನ ಅಮ್ಮ ಹೆಣೆದ ಮೂಡೆಯಲ್ಲಿ ನೀರು ತುಂಬಿಸಿದ್ರೂ ಸೋರ್ತಿರಲಿಲ್ಲ.”

“ಹೌದೌದು,” ಅಂದರು ಚೆನ್ನಪ್ಪ, ಗಸಿಯಲ್ಲಿ ಅದ್ದುತ್ತಾ. “ಯಾರೋ ನಿದ್ದೆಯಲ್ಲಿ ಹೆಣೆದ ಹಾಗುಂಟು.”

“ನಿದ್ದೆಯಲ್ಲ, ಸೊಕ್ಕು. ಕೆಲಸದ ಮೇಲೆ ಮನಸ್ಸಿಲ್ಲ. ಇಂಥವನನ್ನು ನನ್ನ ಹೋಟೆಲಿನಲ್ಲಿ ಎಲೆ ತೊಳೀಲಿಕ್ಕೂ ಇಟ್ಟುಕೊಳ್ತಿರಲಿಲ್ಲ.”

ಗುಲಾಬಿ ಸೌಟು ಹಿಡಿದು ಬಂದು ನಿಂತಳು. “ಅರ್ಧ ಹಿಟ್ಟು ಪಾತ್ರೆಯ ನೀರಿಗೇ ಹೋಯ್ತು. ಕೊನೆಗೆ ಬಾಳೆಲೆ ತುಂಡು ಇಟ್ಟು ಹೊಯ್ದೆ. ಯಾವ ಅಂಗಡಿಯಿಂದ ತಂದದ್ದು ಹೇಳಿ, ನಾಳೆ ನಾನೇ ಹೋಗಿ ಕೇಳ್ತೇನೆ.”

“ಯಾರು ತಂದದ್ದು?”

“ನೀವು. ತರಕಾರಿ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟದ್ದು ಮತ್ಯಾರು? ಬೀಗರು ಬರ್ತಾರೆ ಅಂತ ಹೇಳದೆಯೇ ಮೂಡೆಯ ಎಲೆ ತಂದಿದ್ದಾರೆ ಅಂತ ನನಗೆ ಎಷ್ಟು ಖುಷಿ ಆಗಿತ್ತು.”

ನಾನು ತಟ್ಟೆಯ ಕಡೆ ನೋಡಿದೆ. ಸುಲಿದ ಎಲೆಗಳ ರಾಶಿಯಲ್ಲಿ ಒಂದು ಕೆಂಪು ದಾರ ಗಸಿಯಲ್ಲಿ ನೆಂದು ಬಿದ್ದಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ನನ್ನ ಬಾಲ್ಕನಿ, ನನ್ನ ಸಾಲು ದೀಪ, ತಲೆ ಎತ್ತಿ ನೋಡುವ ದಾರಿಹೋಕರು, ಎಲ್ಲ ನನ್ನ ಹೊಟ್ಟೆಯೊಳಗೇ ಇತ್ತು.

“ಅದು ದೀಪ,” ಅಂದೆ.

ಬೀಗರು ಜಗಿಯುವುದನ್ನು ನಿಲ್ಲಿಸಿದರು. “ಯಾವುದು?”

“ನಾವು ಈಗ ತಿಂದದ್ದು.”

ಎಲ್ಲವನ್ನೂ ಹೇಳಬೇಕಾಯಿತು. ಚೆನ್ನಪ್ಪ ನಕ್ಕು ನಕ್ಕು ಕೆಮ್ಮಿ, ನೀರು ಕುಡಿದು, ಮತ್ತೆ ನಕ್ಕರು. ಗುಲಾಬಿ ಮಾತ್ರ ನಗಲಿಲ್ಲ. ತಟ್ಟೆಯಿಂದ ಒಂದು ಎಲೆ ಎತ್ತಿ ತಿರುಗಿಸಿ ನೋಡಿ, “ನಿಮ್ಮ ಕೈಯಲ್ಲಿ ಆದದ್ದಾ ಇದು?” ಎಂದು ಮೆಲ್ಲಗೆ ಕೇಳಿದಳು. ನಾನು ತಲೆಯಾಡಿಸಿ, ಕೈ ತೊಳೆದು, ಬಾಲ್ಕನಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಬೀಗರು ಹೊರಡುವಾಗ ಗೇಟಿನ ಹತ್ತಿರ ಅವರೂ ಗುಲಾಬಿಯೂ ಬಹಳ ಹೊತ್ತು ಏನೋ ಮಾತಾಡಿಕೊಂಡರು. ನನ್ನ ದುಃಖದ ವಿಷಯವೇ ಇರಬೇಕೆಂದುಕೊಂಡೆ.

ಕಣ್ಣು ಬಿಟ್ಟಾಗ ಸಂಜೆ ಕಪ್ಪಾಗಿತ್ತು. ತಲೆಯ ಮೇಲೆ ಏನೋ ತೂಗುತ್ತಿತ್ತು. ಹಿಟ್ಟು ಸಾಲದೆ ಉಳಿದಿದ್ದ ಒಂದೇ ಒಂದು ದೀಪ, ಕೆಂಪು ದಾರ ಸಮೇತ. ಒಳಗೆ ಸಣ್ಣ ಬಲ್ಬು ಉರಿಯುತ್ತಿತ್ತು. ಹೆಣಿಗೆಯ ಸಂದಿಯಿಂದ ಬೆಳಕು ಗೋಡೆಯ ಮೇಲೆ ಗೆರೆ ಗೆರೆಯಾಗಿ ಬಿದ್ದು, ಗಾಳಿ ಬಂದಾಗೆಲ್ಲ ಇಡೀ ಬಾಲ್ಕನಿ ದೋಣಿಯ ಹಾಗೆ ಮೆಲ್ಲನೆ ಅಲುಗಾಡುತ್ತಿತ್ತು. ಸ್ಟೂಲಿನಿಂದ ಇಳಿದ ಗುಲಾಬಿ ತಲೆ ಎತ್ತಿ ನೋಡಿದಳು.

“ಚಂದ ಉಂಟು,” ಅಂದಳು.

ನನಗೆ ಅಳು ಬಂತು. ಮುಚ್ಚುಮರೆ ಏಕೆ, ನಿಜವಾಗಿಯೂ ಬಂತು. ಕಣ್ಣು ಮುಚ್ಚಿ ಆ ಮಾತನ್ನು ಇನ್ನೊಮ್ಮೆ ಒಳಗೊಳಗೇ ಕೇಳಿಸಿಕೊಳ್ಳುತ್ತಿದ್ದೆ. ಆಗ ಮಡಿಲ ಮೇಲೆ ಭಾರವಾದದ್ದೇನೋ ಧೊಪ್ಪೆಂದು ಬಿತ್ತು. ಮುಂಡೇವಿನ ಎಲೆಯ ಕಟ್ಟು.

“ಬೀಗರು ಆಟೋದಲ್ಲಿ ಕಳಿಸಿದ್ದಾರೆ. ಅವರ ತಂಗಿಯ ಮಗಳ ಸೀಮಂತದ ಬಯಕೆ ಊಟಕ್ಕೆ ಮೂಡೆ ಬೇಕಂತೆ, ಬಂದವರಿಗೆಲ್ಲ. ಈಗ ಹೆಣೆಯುವವರು ಎಲ್ಲಿ ಸಿಗ್ತಾರೆ? ನಾನು ಆಯ್ತು ಅಂದೆ.” ಅವಳು ಬಲ್ಬಿನ ವಯರನ್ನು ಇನ್ನಷ್ಟು ಇಳಿಸಿ, ಬೆಳಕು ಸರಿಯಾಗಿ ನನ್ನ ಕೈಯ ಮೇಲೆ ಬೀಳುವಂತೆ ಮಾಡಿದಳು. “ಸಂಜೆ ನಿಮಗೆ ಕಣ್ಣು ಕಾಣುವುದಿಲ್ಲ ಅಲ್ವಾ, ಅದಕ್ಕೇ ಇದನ್ನು ಕಟ್ಟಿದ್ದು. ಅಡಿ ಮುಚ್ಚಿ ಹೆಣೀರಿ.”

ಈಗ ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಾರದ ವಸ್ತು ಒಂದೂ ಇಲ್ಲ.